ಒಕ್ಕಲಿನ ಪ್ರಶ್ನೆ: ಮನೋರೋಗಿಗಳ ವಸತಿಯನ್ನು ಕುರಿತ ಸಂಶೋಧನೆಗಳ ವಿಮರ್ಶೆ

ಮನೋವೈದ್ಯಕ್ಕೆ ಸೇರಿದ ಸಂಶೋಧನೆಯನ್ನು ಇತಿಹಾಸದ ಅಧ್ಯಾಪಕನೊಬ್ಬನು ವಿಮರ್ಶೆಗೆ ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ರೋಗದ ಲಕ್ಷಣವನ್ನಾಗಲಿ ಔಷಧದ ಗುಣವನ್ನಾಗಲಿ ಕುರಿತು ಮಾತನಾಡುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಕಳೆದ ಅರುವತ್ತು ಎಪ್ಪತ್ತು ವರ್ಷಗಳಲ್ಲಿ ಈ ಶಾಸ್ತ್ರದ ಒಂದು ಭಾಗವು ಆಸ್ಪತ್ರೆಯ ಗೋಡೆಯನ್ನು ದಾಟಿ ಹೊರಗೆ ಬಂದಿದೆ. ದೀರ್ಘಕಾಲದ ಮನೋವ್ಯಾಧಿಯಿಂದ ವೈಕಲ್ಯಕ್ಕೆ ಒಳಗಾದವರು ಎಲ್ಲಿ ವಾಸಿಸಬೇಕು, ಯಾರೊಡನೆ ವಾಸಿಸಬೇಕು, ಊರಿನ ಆಸರೆ ಅವರಿಗೆ ಹೇಗೆ ಒದಗಬೇಕು ಎಂಬ ಪ್ರಶ್ನೆಗಳನ್ನು ಅದು ಕೈಗೆತ್ತಿಕೊಂಡಿದೆ. ಮನೆಯೆಂಬುದು ಔಷಧವಲ್ಲ. ಅದಕ್ಕೆ ಒಡೆಯನುಂಟು, ಬಾಡಿಗೆಯುಂಟು, ಕರಾರುಂಟು. ಒಳಗೆ ಇರಗೊಡುವವರೂ ಹೊರಗೆ ನಡೆಯೆನ್ನುವವರೂ ಉಂಟು. ಇವೆಲ್ಲ ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾದ ಸಾಮಗ್ರಿಗಳೇ.

ಭೂಹಿಡುವಳಿಯ ಚರಿತ್ರೆಯನ್ನು ಬರೆಯುವವನು, ಒಬ್ಬ ರೈತನು ಒಂದು ಹೊಲದಲ್ಲಿ ವರ್ಷಕ್ಕೆ ಎಷ್ಟು ದಿನ ನಿಂತಿದ್ದನೆಂದು ಕೇಳುವುದಿಲ್ಲ. ಅವನು ಯಾವ ಹಕ್ಕಿನಿಂದ ಅಲ್ಲಿ ನಿಂತಿದ್ದನು, ಅವನನ್ನು ಎಬ್ಬಿಸುವ ಅಧಿಕಾರ ಯಾರಿಗಿತ್ತು ಎಂದು ಕೇಳುತ್ತಾನೆ. ನಮ್ಮ ಭಾಷೆಯಲ್ಲಿ ‘ಒಕ್ಕಲು’ ಎಂಬ ಒಂದೇ ಮಾತು ವಾಸವನ್ನೂ ಸಂಸಾರವನ್ನೂ ಗೇಣಿದಾರನನ್ನೂ ಸೂಚಿಸುತ್ತದೆ. ಅದರ ಎದುರಿಗೆ ‘ಒಕ್ಕಲೆಬ್ಬಿಸು’ ಎಂಬ ಮಾತೂ ಸಿದ್ಧವಾಗಿ ನಿಂತಿದೆ. ಮನೋರೋಗಿಗಳ ವಸತಿಯನ್ನು ಕುರಿತ ಸಂಶೋಧನೆಯು ವಾಸದ ದಿನಗಳನ್ನು ಎಣಿಸುವುದರಲ್ಲಿ ಬಹಳ ನಿಪುಣವಾಗಿದೆ. ಆದರೆ ಒಕ್ಕಲಿನ ಪ್ರಶ್ನೆಯನ್ನು ಅದು ಕೇಳಿರುವುದು ಅಪರೂಪ. ಆದುದರಿಂದ ಅದು ಸಾರುವ ಯಶಸ್ಸನ್ನಾಗಲಿ ಅಪಯಶಸ್ಸನ್ನಾಗಲಿ ನಾವು ಹಾಗೆಯೇ ಒಪ್ಪುವಂತಿಲ್ಲವೆಂಬುದೇ ಪ್ರಕೃತ ಲೇಖನದ ವಾದ.

ಈ ವಿಷಯವನ್ನು ಕುರಿತು ಬರೆಯುವವರು ಬೆಲ್ಜಿಯಂ ದೇಶದ ಗೇಲ್ ಪಟ್ಟಣದಿಂದ ಪ್ರಾರಂಭಿಸುವುದು ವಾಡಿಕೆ. ಸಂತ ಡಿಂಫ್ನಾಳ ಕ್ಷೇತ್ರವಾದ ಆ ಊರಿಗೆ ಮಧ್ಯಯುಗದಿಂದಲೂ ಚಿತ್ತ ಕದಡಿದವರನ್ನು ಹರಕೆಗಾಗಿ ಕರೆತರುತ್ತಿದ್ದರು. ಇಗರ್ಜಿಯಲ್ಲಿ ಸ್ಥಳ ಸಾಲದೆ ಬಂದವರು ಊರಿನ ಒಕ್ಕಲಿಗರ ಮನೆಗಳಲ್ಲಿ ಉಳಿದುಕೊಂಡರು. ಉಳಿದವರು ಹೊಲದ ಕೆಲಸಕ್ಕೂ ಮಕ್ಕಳ ಪಾಲನೆಗೂ ಒದಗಿ ಸಂಸಾರದೊಳಗೆ ಬೆರೆತರು. ಸೆರೆ ಸರಪಳಿಗಳಿಲ್ಲದೆ ಹುಚ್ಚರು ಊರಿನಲ್ಲಿ ಓಡಾಡುವುದನ್ನು ಕಣ್ಣಾರೆ ಕಾಣಬೇಕೆಂದು 19ನೆಯ ಶತಮಾನದ ವೈದ್ಯರು ಸಾಲುಗಟ್ಟಿ ಅಲ್ಲಿಗೆ ಹೋದರು. ಫ್ರಾನ್ಸಿನ ಎಸ್ಕಿರೋಲ್ 1821ರಲ್ಲಿ ಹೋಗಿ ಬಂದನು. ಚಿತ್ರಕಾರ ವ್ಯಾನ್ ಗೋನ ತಂದೆಯು 1880ರಲ್ಲಿ ಮಗನನ್ನು ಅಲ್ಲಿಗೆ ಸೇರಿಸುವ ಆಲೋಚನೆ ಮಾಡಿದ್ದನು. 1930ರ ದಶಕದ ಕೊನೆಯ ವೇಳೆಗೆ ಆ ಸಣ್ಣ ಪಟ್ಟಣದ ಮನೆಗಳಲ್ಲಿ ಇಂತಹ ನಿವಾಸಿಗಳ ಸಂಖ್ಯೆ 3,700ನ್ನು ಮೀರಿತ್ತು. ಈಗ ಅದು ಬಹಳ ಇಳಿದಿದೆ. 2023ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಪದ್ಧತಿಯನ್ನು ಸಂರಕ್ಷಣೆಗೆ ಮಾದರಿಯಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಗೇಲನ್ನು ಹೊಗಳುವ ಬರಹಗಳಲ್ಲಿ ಎರಡು ಸಂಗತಿಗಳು ಹಿಂದೆ ಸರಿಯುತ್ತವೆ. ಮೊದಲನೆಯದು ಆಡಳಿತ. 1850ರಿಂದ ಈ ವ್ಯವಸ್ಥೆ ಸರ್ಕಾರದ ಕೈಗೆ ಬಂತು. 1862ರಲ್ಲಿ ಊರಿನಲ್ಲಿಯೇ ಒಂದು ಚಿಕಿತ್ಸಾಲಯವೂ ಏರ್ಪಟ್ಟಿತು. ಯಾರನ್ನು ಯಾವ ಮನೆಗೆ ಕಳುಹಿಸಬೇಕು, ಯಾರನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು ಎಂಬ ತೀರ್ಮಾನವು ಆಡಳಿತದ್ದು. ಗೃಹಸ್ಥನಿಗೆ ಸಲ್ಲುವ ಹಣ ಅಲ್ಪವಾದರೂ ಅದು ಪೋಷಣೆಯ ವೇತನವೇ. ಆದ್ದರಿಂದ ಭಕ್ತಿಯೊಂದೇ ಏಳು ಶತಮಾನ ಈ ಪದ್ಧತಿಯನ್ನು ನಡೆಸಿತೆಂಬ ಮಾತು ಇತಿಹಾಸವಲ್ಲ, ಸ್ಥಳಪುರಾಣ. ಎರಡನೆಯದು ನಿವಾಸಿಯ ಸ್ಥಾನ. ತಂದೆತಾಯಿಯರು ತೀರಿಕೊಂಡ ಮೇಲೆ ಮಕ್ಕಳು ಅದೇ ನಿವಾಸಿಯನ್ನು ಮುಂದುವರಿಸಿಕೊಂಡ ಸಂಸಾರಗಳು ಅಲ್ಲಿ ಇವೆ. ಇದಕ್ಕಿಂತ ಸ್ಥಿರವಾದ ವಾಸವನ್ನು ಯಾವ ಆಧುನಿಕ ಯೋಜನೆಯೂ ತೋರಿಸಲಾರದು. ಆದರೂ ಆ ಮನೆಯಲ್ಲಿ ಅವನಿಗೆ ಇದ್ದುದು ಬಳಕೆಯಿಂದ ಬಂದ ಮಮತೆ, ಹಕ್ಕಲ್ಲ. ಮಾನವಶಾಸ್ತ್ರಜ್ಞ ರೂಸೆನ್ಸ್ 1979ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದ ಮುಖ್ಯ ಗುಣವೆಂದರೆ, ಮನೆಯ ಮಗನಂತಿರುವವನಿಗೂ ಮನೆಯ ಮಗನಿಗೂ ನಡುವೆ ಎಳೆದಿದ್ದ ತೆಳುವಾದ ಗೆರೆಯನ್ನು ಅವನು ಗಮನಿಸಿದುದು. ಅವನಿಗಿಂತ ಹಿಂದಿನ ಯಾತ್ರಿಕ ವೈದ್ಯರು ಬಹುಮಟ್ಟಿಗೆ ಗೃಹಸ್ಥರ ಮಾತನ್ನೂ ಅಧಿಕಾರಿಗಳ ಮಾತನ್ನೂ ಬರೆದುಕೊಂಡರು. ನಿವಾಸಿಯ ಮಾತು ಆ ಟಿಪ್ಪಣಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಗೇಲಿನಲ್ಲಿ ಆಸ್ಪತ್ರೆಗಿಂತ ಮನೆ ಮೊದಲು ಬಂತು. ಇಂಗ್ಲೆಂಡಿನಲ್ಲಿ ನಡೆದುದು ಇದಕ್ಕೆ ವಿಪರೀತ. ಅಲ್ಲಿ ಆಸ್ಪತ್ರೆಯನ್ನು ಕಟ್ಟಿ, ಒಂದು ಶತಮಾನದ ಮೇಲೆ ಅದನ್ನು ಬಿಚ್ಚಿ, ಮನೆಯನ್ನು ಹುಡುಕಬೇಕಾಯಿತು. ಆ ಕಾರಣದಿಂದಲೇ ಪ್ರಾಯಶಃ ಅಲ್ಲಿಯ ಸಂಶೋಧನೆ ನನ್ನ ಪ್ರಶ್ನೆಯ ಹತ್ತಿರಕ್ಕೆ ಬಂದಿದೆ. ವಿಂಗ್ ಮತ್ತು ಬ್ರೌನ್ ಎಂಬ ವಿದ್ವಾಂಸರು 1960ರಿಂದ 1968ರವರೆಗೆ ಮೂರು ಆಸ್ಪತ್ರೆಗಳಲ್ಲಿ ದೀರ್ಘಕಾಲ ಉಳಿದಿದ್ದ, ಸ್ಕಿಜೋಫ್ರೇನಿಯಾದಿಂದ ಪೀಡಿತರಾದ ಸ್ತ್ರೀಯರನ್ನು ಅಧ್ಯಯನ ಮಾಡಿ, 1970ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ರೋಗದ ಲಕ್ಷಣಗಳ ಜೊತೆಗೆ ಅವರು ಆ ಹೆಂಗಸರ ಸ್ವಂತ ಸಾಮಾನುಗಳನ್ನೂ ಎಣಿಸಿದರು. ಬಾಚಣಿಗೆ, ಕನ್ನಡಿ, ಕತ್ತರಿ ಮುಂತಾದ ಸಣ್ಣ ವಸ್ತುಗಳಲ್ಲಿ ತನ್ನದೆಂಬುದು ಯಾರ ಬಳಿ ಎಷ್ಟಿದೆ? ಹತ್ತಾರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳಿಗೆ ತನ್ನದೆನ್ನುವ ಬಾಚಣಿಗೆ ಇಲ್ಲದಿದ್ದರೆ ಅದನ್ನು ವಾಸವೆಂದು ಕರೆಯಬಹುದೆ? ಅವರ ಕೋಷ್ಟಕಗಳನ್ನು ಓದಿದಾಗ, ನಮ್ಮ ಶಾಸನಶಾಸ್ತ್ರಜ್ಞರು ದಾನಪತ್ರದಲ್ಲಿ ಬಿಟ್ಟಿ, ಸುಂಕ, ಮನೆದೆರೆಗಳನ್ನು ಒಂದೊಂದಾಗಿ ಬಿಡಿಸಿ ಓದುವ ಶ್ರದ್ಧೆ ನನಗೆ ನೆನಪಾಯಿತು.

ಇದೇ ಹಾದಿಯಲ್ಲಿ ಮುಂದುವರಿದವನು ಜೂಲಿಯನ್ ಲೆಫ್. ಲಂಡನ್ನಿನ ಉತ್ತರಭಾಗದಲ್ಲಿದ್ದ ಫ್ರಿಯರ್ನ್ ಮತ್ತು ಕ್ಲೇಬರಿ ಎಂಬ ಎರಡು ದೊಡ್ಡ ಮಾನಸಿಕ ಆಸ್ಪತ್ರೆಗಳನ್ನು ಮುಚ್ಚುವ ನಿರ್ಣಯವಾದಾಗ, ಅವನ ತಂಡವು 1985ರಲ್ಲಿ ಕೆಲಸ ಪ್ರಾರಂಭಿಸಿ, ಹೊರಗೆ ಬಂದ ಸುಮಾರು 670 ಮಂದಿಯನ್ನು ಐದು ವರ್ಷಗಳ ಪರ್ಯಂತ ಹಿಂಬಾಲಿಸಿತು. ರೋಗದ ಲಕ್ಷಣಗಳು ಹೆಚ್ಚು ಬದಲಾಗಲಿಲ್ಲ. ಸ್ನೇಹಿತರು ಹೆಚ್ಚಿದರು, ಬಹುಸಂಖ್ಯಾತರು ತಾವಿರುವ ಹೊಸ ಮನೆಯಲ್ಲಿಯೇ ಉಳಿಯಲು ಬಯಸಿದರು. ಪ್ರತಿ ನಿವಾಸದಲ್ಲಿಯೂ ಇದ್ದ ಕಟ್ಟುಪಾಡುಗಳನ್ನು ಈ ತಂಡವು ಪಟ್ಟಿಮಾಡಿ ಎಣಿಸಿತು. ಆಸ್ಪತ್ರೆಗಿಂತ ಹೊರಗಿನ ಮನೆಗಳಲ್ಲಿ ಅವು ಬಹಳ ಕಡಿಮೆಯಾಗಿದ್ದುವು. ಉಳಿಯುವ ಬಯಕೆಗೂ ಈ ಎಣಿಕೆಗೂ ಇರುವ ಸಂಬಂಧವನ್ನು ವಾಚಕರು ಊಹಿಸಬಹುದು. ಆದರೆ ಎಣಿಸಿದ್ದು ನಿಯಮಗಳನ್ನು. ನಿಯಮವನ್ನು ಮುರಿದವನ ಗತಿ ಏನೆಂಬುದನ್ನಲ್ಲ. ಹತ್ತು ನಿಯಮಗಳಿರುವ ಮನೆಯಿಂದ ಯಾರನ್ನೂ ಹೊರಡಿಸಲಾಗದಿರಬಹುದು. ಎರಡೇ ನಿಯಮಗಳಿರುವ ಮನೆಯಿಂದ ಒಂದು ವಾರದ ಎಚ್ಚರಿಕೆ ಕೊಟ್ಟು ಹೊರಡಿಸಬಹುದು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. 1851ರಲ್ಲಿ ಕಾಲ್ನಿ ಹ್ಯಾಚ್ ಎಂಬ ಹೆಸರಿನಿಂದ ತೆರೆದ ಫ್ರಿಯರ್ನ್ ಆಸ್ಪತ್ರೆಯು 1993ರಲ್ಲಿ ಮುಚ್ಚಿತು. ಆ ಕಟ್ಟಡವನ್ನು ಆಮೇಲೆ ಶ್ರೀಮಂತರು ಕೊಳ್ಳುವ ಫ್ಲ್ಯಾಟುಗಳಾಗಿ ಪರಿವರ್ತಿಸಿದರು. ಕ್ಲೇಬರಿಯ ಕಥೆಯೂ ಹಾಗೆಯೇ. ಅದೇ ಗೋಡೆಗಳೊಳಗೆ ಈಗ ವಾಸಿಸುವವರಿಗೆ ಕ್ರಯಪತ್ರವಿದೆ. ಹಿಂದೆ ಅಲ್ಲಿ ನಲವತ್ತು ವರ್ಷ ಕಳೆದವರಿಗೆ ಹಾಸಿಗೆಯ ಸಂಖ್ಯೆ ಇತ್ತು. 1980ರ ದಶಕದಲ್ಲಿ ಸ್ವತಃ ಆ ಆಸ್ಪತ್ರೆಯ ರೋಗಿಯಾಗಿದ್ದ ಇತಿಹಾಸಕಾರ್ತಿ ಬಾರ್ಬರಾ ಟೇಲರ್ ತನ್ನ ಅನುಭವವನ್ನು 2014ರಲ್ಲಿ ಗ್ರಂಥವಾಗಿ ಪ್ರಕಟಿಸಿದಳು. ಆಸ್ಪತ್ರೆಯ ಕ್ರೌರ್ಯವನ್ನು ಆಕೆ ಮುಚ್ಚಿಡುವುದಿಲ್ಲ. ಆದರೂ ಆಶ್ರಯವೆಂಬ ಒಂದು ವಸ್ತು ಅದರ ಜೊತೆಗೆ ಕಳೆದುಹೋಯಿತೆಂಬ ನೋವು ಆಕೆಗಿದೆ. ನಿವಾಸಿಯ ಕಡೆಯಿಂದ ಬಂದ ಸಾಕ್ಷ್ಯವು ಸಂಶೋಧಕರ ಸರಳವಾದ ವಿಂಗಡಣೆಗೆ, ಅಂದರೆ ಆಸ್ಪತ್ರೆ ಕೆಟ್ಟದ್ದು, ಊರು ಒಳ್ಳೆಯದು ಎಂಬುದಕ್ಕೆ, ಒಗ್ಗುವುದಿಲ್ಲವೆಂಬುದು ಗಮನಾರ್ಹ.

ಅಮೆರಿಕದ ಕಥೆ ಹೆಚ್ಚು ಪರಿಚಿತವಾದುದರಿಂದ ಅದನ್ನು ಬೇಗ ಮುಗಿಸಬಹುದು. 1955ರಲ್ಲಿ ಅಲ್ಲಿಯ ರಾಜ್ಯಗಳ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5,59,000 ಮಂದಿ ಇದ್ದರು. ಹೊಸ ಔಷಧಗಳೂ 1963ರ ಸಮುದಾಯ ಮಾನಸಿಕ ಆರೋಗ್ಯದ ಕಾಯಿದೆಯೂ ಬಂದ ಮೇಲೆ ಆಸ್ಪತ್ರೆಗಳು ಬರಿದಾಗುತ್ತ ಬಂದುವು. ಊರೂರಿಗೆ ಕಟ್ಟಬೇಕೆಂದಿದ್ದ ಕೇಂದ್ರಗಳಲ್ಲಿ ಅನೇಕವು ಕಾಗದದ ಮೇಲೆಯೇ ಉಳಿದುವು. ಮನೆಗಳ ಮಾತನ್ನಂತೂ ಕಾಯಿದೆ ಎತ್ತಿರಲೇ ಇಲ್ಲ. ಹೊರಗೆ ಬಂದವರಲ್ಲಿ ಬಹಳ ಮಂದಿ ಅಗ್ಗದ ಹೋಟೆಲಿನ ಕೋಣೆಗಳಲ್ಲಿ ತಂಗಿದರು. ನಗರದ ನೆಲದ ಬೆಲೆ ಏರಿ ಆ ಹೋಟೆಲುಗಳು ಉರುಳಿದಾಗ ಅವರಿಗೆ ಉಳಿದುದು ಬೀದಿ. ಆ್ಯಂಡ್ರೂ ಸ್ಕಲ್ ಎಂಬವನು 1977ರಲ್ಲಿಯೇ, ಆಸ್ಪತ್ರೆಗಳನ್ನು ಬರಿದುಮಾಡಿದ್ದು ಕರುಣೆಗಿಂತ ಹೆಚ್ಚಾಗಿ ಬೊಕ್ಕಸದ ಲೆಕ್ಕಾಚಾರವೆಂದು ವಾದಿಸಿದನು. ಕಾರಣವನ್ನು ಒಂದೇ ಮೊಳೆಗೆ ತೂಗುಹಾಕುವ ಅವನ ರೀತಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಈ ಬೀದಿಯಿಂದಲೇ ಹುಟ್ಟಿದುದು ‘ಮನೆ ಮೊದಲು’ ಎಂಬ ಪದ್ಧತಿ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞನು ಇದನ್ನು ಪ್ರಾರಂಭಿಸಿದನು. ಅದುವರೆಗೆ ಇದ್ದುದು ಮೆಟ್ಟಿಲಿನ ಕ್ರಮ. ಬೀದಿಯಲ್ಲಿದ್ದವನು ಮೊದಲು ಛತ್ರಕ್ಕೆ ಬರಬೇಕು, ಕುಡಿತವನ್ನು ಬಿಡಬೇಕು, ಔಷಧವನ್ನು ಸೇವಿಸಬೇಕು, ಮೇಲ್ವಿಚಾರಣೆಯ ನಿಲಯದಲ್ಲಿ ಸೈ ಎನಿಸಿಕೊಳ್ಳಬೇಕು. ಕಟ್ಟಕಡೆಯ ಮೆಟ್ಟಿಲಿನಲ್ಲಿ ಮನೆ. ಸೆಂಬೆರಿಸ್ ಇದನ್ನು ತಿರುಗಿಸಿದನು. ಮನೆಯನ್ನು ಮೊದಲು ಕೊಡುವುದು; ಚಿಕಿತ್ಸೆ ನಿವಾಸಿಯ ಇಚ್ಛೆಗೆ ಬಿಟ್ಟದ್ದು. 2004ರಲ್ಲಿ ಪ್ರಕಟವಾದ, 225 ಮಂದಿಯನ್ನು ಒಳಗೊಂಡ ಪರೀಕ್ಷೆಯಲ್ಲಿ ಹೀಗೆ ಮನೆ ಪಡೆದವರಲ್ಲಿ ನೂರಕ್ಕೆ 80ರಷ್ಟು ಮಂದಿ ಮನೆಯನ್ನು ಉಳಿಸಿಕೊಂಡರೆಂದು ತಿಳಿದುಬಂತು. ಕೆನಡಾದ ಸರ್ಕಾರವು 11 ಕೋಟಿ ಡಾಲರುಗಳನ್ನು ತೆಗೆದಿಟ್ಟು, 2009ರಿಂದ 2013ರವರೆಗೆ ವ್ಯಾಂಕೂವರ್, ವಿನಿಪೆಗ್, ಟೊರಾಂಟೊ, ಮಾಂಟ್ರಿಯಲ್, ಮಾಂಕ್ಟನ್ ಎಂಬ ಐದು ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಇದನ್ನು ಪರೀಕ್ಷಿಸಿತು. ಅಧ್ಯಯನದ ಕೊನೆಯ ಆರು ತಿಂಗಳಲ್ಲಿ, ಮನೆ ಪಡೆದ ಗುಂಪಿನ ನೂರಕ್ಕೆ 62 ಮಂದಿ ಎಲ್ಲ ದಿನಗಳಲ್ಲಿಯೂ ಸೂರಿನಡಿ ಇದ್ದರು. ಎಂದಿನ ಸೇವೆಯನ್ನು ಮಾತ್ರ ಪಡೆದ ಗುಂಪಿನಲ್ಲಿ ಹಾಗಿದ್ದವರು ನೂರಕ್ಕೆ 31. ರೋಗದ ಲಕ್ಷಣಗಳಲ್ಲಿ ಮಾತ್ರ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ.

ಮನೆ ಕೊಟ್ಟರೂ ರೋಗ ಇಳಿಯಲಿಲ್ಲವೆಂದು ಈ ಕೊನೆಯ ಸಂಗತಿಯನ್ನು ಎತ್ತಿಹಿಡಿದು ಪದ್ಧತಿಯನ್ನು ಹಳಿಯುವವರು ಇದ್ದಾರೆ. ಇದು ವಿಚಿತ್ರವಾದ ಆಕ್ಷೇಪ. ಸಕ್ಕರೆ ರೋಗದವನಿಗೆ ಮನೆ ಬಾಡಿಗೆಗೆ ಕೊಡುವಾಗ, ಅದರಿಂದ ಅವನ ರಕ್ತದ ಸಕ್ಕರೆ ಇಳಿಯುವುದೆ ಎಂದು ಯಾವ ಮನೆಯೊಡೆಯನೂ ಕೇಳುವುದಿಲ್ಲ. ನನ್ನ ಆಕ್ಷೇಪ ಬೇರೆ. ಈ ಪದ್ಧತಿಯ ಹೊಸತನವು ವೈದ್ಯಕ್ಕೆ ಸೇರಿದುದಲ್ಲ, ಹಿಡುವಳಿಗೆ ಸೇರಿದುದು. ಔಷಧವನ್ನು ಬೇಡವೆಂದವನನ್ನು ಆ ಕಾರಣಕ್ಕಾಗಿ ಮನೆಯಿಂದ ಎಬ್ಬಿಸತಕ್ಕದ್ದಲ್ಲವೆಂಬುದೇ ಅದರ ತಿರುಳು. ನಿವಾಸಿಯು ತನ್ನ ಆದಾಯದಲ್ಲಿ ನೂರಕ್ಕೆ 30ರಷ್ಟನ್ನು ಬಾಡಿಗೆಗೆ ಕೊಡುವನು. ಉಳಿದುದನ್ನು ಯೋಜನೆ ಭರಿಸುವುದು. ಹೀಗಿರಲಾಗಿ ಸಂಶೋಧಕರು ಪರೀಕ್ಷಿಸಬೇಕಾದುದು ಕರಾರನ್ನು. ಕರಾರು ನಿವಾಸಿಯ ಹೆಸರಿನಲ್ಲಿದೆಯೊ, ಅಥವಾ ಸಂಸ್ಥೆಯ ಹೆಸರಿನಲ್ಲಿದ್ದು ನಿವಾಸಿ ಒಳಬಾಡಿಗೆಯವನೊ? ಮನೆಯನ್ನು ಕಳೆದುಕೊಂಡವರು ತಾವಾಗಿ ಹೋದರೊ, ಅವರನ್ನು ಎಬ್ಬಿಸಿದರೊ? ಪ್ರಬಂಧಗಳ ಮುಖ್ಯ ಕೋಷ್ಟಕಗಳಲ್ಲಿ ಇರುವುದು ದಿನಗಳ ಶೇಕಡಾವಾರು ಮಾತ್ರ. ಅನುದಾನ ಮುಗಿದ ಮೇಲೆ ಏನಾಯಿತೆಂಬ ಇನ್ನೊಂದು ಪ್ರಶ್ನೆಗೆ ಟೊರಾಂಟೊದ ವಿದ್ವಾಂಸರು ತಕ್ಕಮಟ್ಟಿಗೆ ಉತ್ತರ ಕೊಟ್ಟಿದ್ದಾರೆಂಬುದನ್ನು ನ್ಯಾಯವಾಗಿ ಹೇಳಬೇಕು. ಆರು ವರ್ಷಗಳವರೆಗೂ ನೋಡಿ 2019ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ವಾಸದ ಸ್ಥಿರತೆ ಉಳಿದುಬಂದುದು ಕಾಣುತ್ತದೆ.

ಪಶ್ಚಿಮದ ಈ ಸಂಶೋಧನೆಯು, ರೋಗಿಗೆ ಮನೆಯಿಲ್ಲ, ಸಂಸಾರವಿಲ್ಲ ಎಂಬಲ್ಲಿಂದ ಹೊರಡುತ್ತದೆ. ನಮ್ಮ ದೇಶದ ಸಂಶೋಧನೆಯ ಹೊರಡುವ ಸ್ಥಳ ಇದಕ್ಕೆ ನೇರ ವಿರುದ್ಧ. ವಿಶ್ವ ಆರೋಗ್ಯ ಸಂಸ್ಥೆಯು 1960ರ ದಶಕದ ಉತ್ತರಾರ್ಧದಲ್ಲಿ ಒಂಬತ್ತು ದೇಶಗಳಲ್ಲಿ ಕೈಗೊಂಡ ಸ್ಕಿಜೋಫ್ರೇನಿಯಾದ ಅಧ್ಯಯನಕ್ಕೆ ನಮ್ಮಲ್ಲಿ ಆಗ್ರಾ ಕೇಂದ್ರವಾಗಿತ್ತು. ಅಲ್ಲಿಯ ರೋಗಿಗಳು ಶ್ರೀಮಂತ ದೇಶಗಳ ರೋಗಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡರೆಂಬ ಫಲಿತಾಂಶವು ಬಂದಾಗ, ಅದಕ್ಕೆ ಕಾರಣವಾಗಿ ಅವಿಭಕ್ತ ಕುಟುಂಬವನ್ನು ಬೆರಳುಮಾಡಿ ತೋರಿಸಿದವರೇ ಹೆಚ್ಚು. ಈ ನಂಬಿಕೆಯನ್ನು ಕೋಹೆನ್, ಪಟೇಲ್, ತಾರಾ, ಗುರೆಜೆ ಎಂಬ ನಾಲ್ವರು ಸಂಶೋಧಕರು 2008ರಲ್ಲಿ ಮರುಪರೀಕ್ಷೆಗೆ ಒಡ್ಡುವವರೆಗೆ ಅದು ಸೂತ್ರವಾಕ್ಯದಂತೆ ನಡೆದುಬಂತು. ಕುಟುಂಬಕ್ಕೆ ಕೀರ್ತಿ ಸಂದಿತು. ಅದರೊಳಗೆ ಅನ್ನ ಕಲಸಿ ಕೊಟ್ಟವರಾರು, ರಾತ್ರಿ ಎಚ್ಚರವಿದ್ದವರಾರು ಎಂಬ ಲೆಕ್ಕ ಹುಟ್ಟಲಿಲ್ಲ.

ಕರ್ನಾಟಕದ ಉದಾಹರಣೆ ನಮಗೆ ಹತ್ತಿರದ್ದು, ಹೆಮ್ಮೆಯದೂ ಹೌದು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮರುವರ್ಷವೇ ಅದರ ವೈದ್ಯರು ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯದ ಕೆಲಸಕ್ಕೆ ಕೈಹಾಕಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣ ಕೊಟ್ಟು, ಔಷಧವನ್ನು ಹಳ್ಳಿಯ ಸಮೀಪಕ್ಕೆ ಒಯ್ದರು. 1996ರಲ್ಲಿ ಪ್ರಾರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇದರ ಮಹತ್ತ್ವವನ್ನು ಕಡಿಮೆಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಬಳ್ಳಾರಿಯ ಮಾದರಿ ಔಷಧವನ್ನು ಮನೆಯ ಬಾಗಿಲಿಗೆ ತಂದಿತು; ಬಾಗಿಲೊಂದು ಇದ್ದೇ ಇದೆಯೆಂದು ಭಾವಿಸಿಕೊಂಡಿತು.

ಬಾಗಿಲು ಇಲ್ಲದವರು ಯಾರೆಂಬುದಕ್ಕೆ ಮದರಾಸಿನ ಸ್ಕಾರ್ಫ್ ಸಂಸ್ಥೆಯಿಂದ ಆರ್. ತಾರಾ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ, ದಾಂಪತ್ಯ ಮುರಿದುಬಿದ್ದ ಸ್ಕಿಜೋಫ್ರೇನಿಯಾ ಪೀಡಿತ ಸ್ತ್ರೀಯರ ಅಧ್ಯಯನವು ಉತ್ತರ ಕೊಡುತ್ತದೆ. ನಾನು ಓದಿದ ಭಾರತೀಯ ಪ್ರಬಂಧಗಳಲ್ಲಿ ಒಕ್ಕಲಿನ ಪ್ರಶ್ನೆಯನ್ನು, ಆ ಹೆಸರನ್ನು ಹೇಳದೆಯೇ, ನೇರವಾಗಿ ಎತ್ತಿದುದು ಇದೇ. ಗಂಡನ ಮನೆಯಿಂದ ಹೊರಬಿದ್ದವಳು ತವರಿಗೆ ಮರಳುತ್ತಾಳೆ. ಅಲ್ಲಿ ಮುಪ್ಪಿನ ತಾಯಿತಂದೆಯರು ಇರುವವರೆಗೆ ಅವಳಿಗೊಂದು ಮೂಲೆಯುಂಟು. ನಮ್ಮ ಕಾಲದ ಬಳಿಕ ಇವಳ ಗತಿಯೇನು ಎಂಬುದೇ ಆ ಹೆತ್ತವರ ದೊಡ್ಡ ಚಿಂತೆಯೆಂದು ಪ್ರಬಂಧವು ದಾಖಲಿಸುತ್ತದೆ. ಇವಳು ವರ್ಷಕ್ಕೆ 365 ದಿನವೂ ಮನೆಯೊಳಗೆ ಇರುವವಳು. ದಿನಗಳ ಎಣಿಕೆಯ ಪ್ರಕಾರ ಇವಳಿಗಿಂತ ಸ್ಥಿರವಾದ ವಸತಿಯುಳ್ಳವರಿಲ್ಲ.

ಕುಟುಂಬವೂ ಇಲ್ಲದೆ ಆಸ್ಪತ್ರೆಯೂ ಇಲ್ಲದೆ ಊರಿನ ಆಸರೆಯೆಂಬುದಕ್ಕೆ ಮಾತ್ರ ಬಿಟ್ಟರೆ ಏನಾಗಬಹುದೆಂಬುದನ್ನು 2001ನೆಯ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ದೇಶ ಕಂಡಿತು. ದರ್ಗಾದ ಸಮೀಪದ ಖಾಸಗಿ ನಿಲಯವೊಂದರ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ 28 ಮಂದಿ ಮೃತರಾದರು. ಗೇಲಿನಲ್ಲಿಯೂ ಕ್ಷೇತ್ರದ ಸುತ್ತಲೇ ಆಸರೆ ಬೆಳೆಯಿತು, ಏರವಾಡಿಯಲ್ಲಿಯೂ ಕ್ಷೇತ್ರದ ಸುತ್ತಲೇ ಬೆಳೆಯಿತು. ಎರಡಕ್ಕೂ ಇರುವ ಭೇದವನ್ನು ಜನರ ಸ್ವಭಾವದಲ್ಲಿ ಹುಡುಕುವವರು 1850ರ ಆಡಳಿತದ ಏರ್ಪಾಟನ್ನು ಮರೆತವರು.

2017ರ ಮಾನಸಿಕ ಆರೋಗ್ಯ ರಕ್ಷಣೆಯ ಕಾಯಿದೆಯ 19ನೆಯ ಪ್ರಕರಣವು, ಕುಟುಂಬವಿಲ್ಲವೆಂಬ ಅಥವಾ ಕುಟುಂಬವು ಒಪ್ಪಲಿಲ್ಲವೆಂಬ ಕಾರಣದಿಂದ ಮಾತ್ರ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಕೂಡದೆಂದು ವಿಧಿಸಿದೆ. ಆದರೆ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ವರದಿಯೊಂದರ ಪ್ರಕಾರ, ಸಮೀಕ್ಷೆಗೆ ಒಳಪಟ್ಟ ಸರ್ಕಾರಿ ಮಾನಸಿಕ ಆಸ್ಪತ್ರೆಗಳ ನಿವಾಸಿಗಳಲ್ಲಿ ನೂರಕ್ಕೆ 36ರಷ್ಟು ಮಂದಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲದಿಂದ ಅಲ್ಲಿಯೇ ಇದ್ದರು. ಇಂತಹವರಿಗಾಗಿ, 1993ರಲ್ಲಿ ಮದರಾಸಿನಲ್ಲಿ ಹುಟ್ಟಿದ ಬ್ಯಾನಿಯನ್ ಸಂಸ್ಥೆಯು 2015ರಿಂದ ಸಾಧಾರಣ ಬೀದಿಗಳಲ್ಲಿ ಸಾಧಾರಣ ಮನೆಗಳನ್ನು ಬಾಡಿಗೆಗೆ ಹಿಡಿದು ನಾಲ್ಕೈದು ಮಂದಿಯನ್ನು ಒಟ್ಟಿಗೆ ಇರಿಸುತ್ತ ಬಂದಿದೆ. ಊರಿನೊಡನೆ ಅವರ ಬೆರೆಯುವಿಕೆ ಹೆಚ್ಚಿತೆಂದು ಇದರ ಅಧ್ಯಯನಗಳು ತೋರಿಸುತ್ತವೆ. ಪ್ರಯೋಗವು ಅಭಿನಂದನೀಯ, ಆದರೂ ನ್ಯೂಯಾರ್ಕಿನವರಿಗೆ ಹಾಕಿದ ಪ್ರಶ್ನೆಯನ್ನು ಇಲ್ಲಿಯೂ ಹಾಕಬೇಕಾಗುವುದು.

ಹಾಕಿದರೆ, ನಮ್ಮಲ್ಲಿ ಅದು ಇನ್ನೊಂದು ತೊಡಕಿಗೆ ತಾಗುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 11ನೆಯ ಪ್ರಕರಣದ ಪ್ರಕಾರ ಕರಾರು ಮಾಡಿಕೊಳ್ಳುವವನು ಸ್ವಸ್ಥಚಿತ್ತನಾಗಿರಬೇಕು. 12ನೆಯ ಪ್ರಕರಣವು, ಸಾಮಾನ್ಯವಾಗಿ ಅಸ್ವಸ್ಥಚಿತ್ತನಾಗಿದ್ದರೂ ಚಿತ್ತವು ಸ್ವಸ್ಥವಾಗಿರುವ ವೇಳೆಯಲ್ಲಿ ಕರಾರು ಮಾಡಬಹುದೆಂದು ಒಂದು ಕಿಂಡಿಯನ್ನು ಬಿಟ್ಟಿದೆ. ವಿಕ್ಟೋರಿಯಾ ರಾಣಿಯ ಕಾಲದ ಆ ಕಿಂಡಿಯೂ, ವಿಕಲಚೇತನರು ಇತರರಂತೆಯೇ ಕಾನೂನಿನ ಮುಂದೆ ಶಕ್ತರೆಂದು ಸಾರುವ 2016ರ ಕಾಯಿದೆಯೂ ಈಗ ಒಟ್ಟಿಗೆ ಜಾರಿಯಲ್ಲಿವೆ. ಬಾಡಿಗೆಯ ಕರಾರಿಗೆ ಸಹಿ ಹಾಕಿಸಿಕೊಳ್ಳುವ ಮನೆಯೊಡೆಯನು ಇವೆರಡರಲ್ಲಿ ಯಾವುದನ್ನು ನೆನೆಯುತ್ತಾನೆಂಬುದನ್ನು ಯಾವ ಕೋಷ್ಟಕವೂ ಹೇಳುವುದಿಲ್ಲ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕೆಲಸವನ್ನು ಕೈಗೊಳ್ಳುವುದಾದರೆ, ಆಸ್ಪತ್ರೆಯ ಕಡತಗಳಿಗಿಂತ ಮೊದಲು ಮೂರು ಕಾಗದಗಳನ್ನು ನೋಡುವುದು ಲೇಸು: ಬಾಡಿಗೆಯ ಕರಾರು, ಪಡಿತರ ಚೀಟಿ, ಮತದಾರರ ಪಟ್ಟಿ. ಆ ಮನೆಯಲ್ಲಿ ಹತ್ತು ವರ್ಷದಿಂದ ಇರುವವನ ಹೆಸರು ಇವುಗಳಲ್ಲಿ ಎಷ್ಟರಲ್ಲಿ ಇದೆ, ಬಿಟ್ಟುಹೋಗಿದ್ದರೆ ಯಾವ ವರ್ಷ ಬಿಟ್ಟುಹೋಯಿತು ಎಂಬುದನ್ನು ಮೊದಲು ಬರೆದುಕೊಳ್ಳಬೇಕು.